ಸರ್‌ನೇಮ್ ಇಲ್ಲದ ಅಮ್ಮ, ಹತ್ತದ ಬೆರಳು

ಹೋದ ತಿಂಗಳು ವಿಮಾನ ಪ್ರಯಾಣದ ಬಗ್ಗೆ ನಾಲ್ಕು ಮಾತು ಬರೆದೆ. ಅವತ್ತಿನಿಂದ ಕಾಗದ, ವಾಟ್ಸಾಪ್ ಎರಡೂ ತುಂಬಿವೆ. ಕಿಟಕಿ ಸೀಟು ಸಿಗುತ್ತಾ ಅಂತ ಒಬ್ಬರೂ ಕೇಳಿಲ್ಲ. ಎಲ್ಲರಿಗೂ ಒಂದೇ ಭಯ, ಇಮಿಗ್ರೇಷನ್, ಅಂದರೆ ದೇಶದ ಬಾಗಿಲಲ್ಲಿ ಪಾಸ್‌ಪೋರ್ಟ್, ವೀಸಾ ನೋಡಿ ಬಿಡುವ ತಪಾಸಣೆ. ನಾನು 21 ವರ್ಷ ಬೆಂಗಳೂರಿನಲ್ಲಿ ವಿಮಾನ ಕಂಪನಿಯೊಂದರ ಚೆಕ್-ಇನ್ ಕೌಂಟರಿನಲ್ಲಿ ನಿಂತವಳು. ಮೊದಲು ಹಳೇ ಎಚ್‌ಎಎಲ್ ನಿಲ್ದಾಣ, 2008ರ ಮೇ ತಿಂಗಳಿಂದ ದೇವನಹಳ್ಳಿ. ಈಗ ಕುವೆಂಪುನಗರದ ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ತಾಯಿಗೆ 61 ವರ್ಷ. ತಂಗಿಯ ಬಾಣಂತನಕ್ಕೆ ಶಿಕಾಗೋಗೆ ಹೊರಟಿದ್ದಾರೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ನೋಡಿದರೆ ಅಮ್ಮನ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿದೆ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತಿದೆ. ಟಿಕೆಟ್‌ನಲ್ಲಿ ಏಜೆಂಟರು ಅಪ್ಪನ ಹೆಸರು ಸೇರಿಸಿದ್ದಾರೆ. ಅಬುಧಾಬಿಯಲ್ಲಿ ವಿಮಾನ ಬದಲಿಸಬೇಕು. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. — ಕೆರಗೋಡು, ಮಂಡ್ಯ ತಾಲ್ಲೂಕು

ಉತ್ತರ: ಮೊದಲು ಎಫ್‌ಎನ್‌ಯು ಬಗ್ಗೆ ಹೇಳಿಬಿಡುತ್ತೇನೆ. ಗಾಬರಿ ಬೇಡ. 'ಫಸ್ಟ್ ನೇಮ್ ಅನ್‌ನೋನ್' ಅಂತ ಅದರ ಅರ್ಥ. ಅಮೆರಿಕದವರ ಕಂಪ್ಯೂಟರಿಗೆ ಸರ್‌ನೇಮ್ ಇಲ್ಲದ ಮನುಷ್ಯ ಅಂದರೆ ಅರ್ಥವಾಗುವುದಿಲ್ಲ. ಇರುವ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಖಾಲಿ ಉಳಿದ ಕಡೆ ಈ ಮೂರಕ್ಷರ ತುಂಬುತ್ತಾರೆ. ಮಂಡ್ಯ ಜಿಲ್ಲೆಯ ಅರ್ಧಕ್ಕರ್ಧ ತಾಯಂದಿರು ಆ ದೇಶದಲ್ಲಿ 'ಹೆಸರು ಗೊತ್ತಿಲ್ಲ' ಎಂದೇ ಓಡಾಡಿ ಬಂದಿರಬೇಕು!

ನಿಮ್ಮ ನಿಜವಾದ ತೊಂದರೆ ಇರುವುದು ಟಿಕೆಟ್‌ನಲ್ಲಿ. ಏಜೆಂಟರು ಒಳ್ಳೆಯ ಮನಸ್ಸಿನಿಂದಲೇ ಅಪ್ಪನ ಹೆಸರು ಸೇರಿಸಿರುತ್ತಾರೆ. ಪಾಸ್‌ಪೋರ್ಟ್‌ನ ಕೊನೇ ಪುಟದಲ್ಲಿ ಗಂಡನ ಹೆಸರು ಇದೆಯಲ್ಲ ಅಂತ ವಾದವನ್ನೂ ಮಾಡುತ್ತಾರೆ. ಆದರೆ ಆ ಹೆಸರು ಫೋಟೊ ಇರುವ ಪುಟದಲ್ಲಿ ಇಲ್ಲ, ವೀಸಾದಲ್ಲಿ ಇಲ್ಲ. ಮೂರು ಕಾಗದದಲ್ಲಿ ಮೂರು ಥರ ಇದ್ದರೆ ಕೌಂಟರಿನಲ್ಲಿರುವ ಹುಡುಗಿ ಏನು ಮಾಡಬೇಕು? ಇವತ್ತೇ ಏಜೆಂಟರಿಗೆ ಫೋನ್ ಮಾಡಿ ಸರಿ ಮಾಡಿಸಿ. ಅಮೆರಿಕಕ್ಕಾದರೆ ಸಾಮಾನ್ಯವಾಗಿ ವೀಸಾದಲ್ಲಿರುವ ಹಾಗೇ, ಸರ್‌ನೇಮ್ ಜಾಗದಲ್ಲಿ ಅಮ್ಮನ ಹೆಸರು, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು. ಕೆಲವು ಕಂಪನಿಗಳು ಒಂದೇ ಹೆಸರನ್ನು ಎರಡು ಸಲ ಬರೆಯಿರಿ ಅನ್ನುತ್ತವೆ. ಅದಕ್ಕೇ ವಿಮಾನ ಕಂಪನಿಯನ್ನು ಒಂದು ಸಲ ಕೇಳಿ, ಅವರ ಉತ್ತರವನ್ನು ಇಮೇಲ್‌ನಲ್ಲಿ ತರಿಸಿ ಇಟ್ಟುಕೊಳ್ಳಿ.

ಪಾಸ್‌ಪೋರ್ಟ್‌ನಲ್ಲೇ ಸರ್‌ನೇಮ್ ಸೇರಿಸೋಣ ಅಂತ ಈಗ ಹೊರಡಬೇಡಿ. ಹೆಸರು ಬದಲಾದರೆ ವೀಸಾದ ಕಥೆ ಮತ್ತೆ ಶುರುವಾಗುತ್ತದೆ. ಅವಧಿ ಮುಗಿದು ಹೊಸದು ಮಾಡಿಸುವಾಗ ಸೇರಿಸಿ. ನಿಮ್ಮಮ್ಮ ಅಬುಧಾಬಿಯಲ್ಲಿ ವಿಮಾನ ಬದಲಿಸುತ್ತಾರಷ್ಟೇ. ದುಬೈಗೇ ಹೋಗುವವರಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. 2022ರ ನವೆಂಬರ್ 21ರಿಂದ ಯುಎಇಯವರು (ದುಬೈ, ಅಬುಧಾಬಿ ಎರಡೂ ಇರುವ ದೇಶ) ಪ್ರವಾಸಿ ವೀಸಾದಲ್ಲಿ ಒಂಟಿ ಹೆಸರಿನವರನ್ನು ಬಿಡುವುದಿಲ್ಲ ಅಂದುಬಿಟ್ಟರು. ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆಗಬಹುದು ಅಂತ ಆಮೇಲೆ ಸ್ವಲ್ಪ ಸಡಿಲ ಮಾಡಿದರು. ಆ ವಾರ ನಮ್ಮ ಕೌಂಟರಿನ ಮುಂದೆ ಅತ್ತವರನ್ನು ನಾನಿನ್ನೂ ಮರೆತಿಲ್ಲ.

ಅಬುಧಾಬಿಯ ವಿಷಯ ಒಂದು ತಿಳಿದಿರಲಿ. ಅಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಬಂದು ಕೂತಿದ್ದಾರೆ. ಬೆರಳಚ್ಚು, ಫೋಟೊ, ಪ್ರಶ್ನೆ ಎಲ್ಲ ಅಬುಧಾಬಿಯಲ್ಲೇ ಮುಗಿಯುತ್ತದೆ. ಶಿಕಾಗೋದಲ್ಲಿ ಇಳಿದ ಮೇಲೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದಿಳಿದ ಹಾಗೆ, ಪೆಟ್ಟಿಗೆ ತೆಗೆದುಕೊಂಡು ಹೊರಗೆ ಬರುವುದಷ್ಟೇ. ಹಾಗಾಗಿ ಅಲ್ಲಿ ವಿಮಾನ ಬದಲಿಸಲು ಸಮಯ ಜಾಸ್ತಿ ಇರುವ ಟಿಕೆಟ್ಟೇ ಒಳ್ಳೆಯದು.

ಏನು ಕೇಳುತ್ತಾರೆ? ಯಾಕೆ ಬಂದಿರಿ, ಎಲ್ಲಿ ಇರುತ್ತೀರಿ, ಎಷ್ಟು ದಿನ. 'ಬಾಣಂತನ ಅನ್ನಬೇಡಿ, ಸುಮ್ನೆ ನಯಾಗರ ನೋಡೋಕೆ ಅನ್ನಿ' ಎಂದು ಹೇಳಿಕೊಡುವ ಪುಣ್ಯಾತ್ಮರಿದ್ದಾರೆ. ದಯವಿಟ್ಟು ಕೇಳಬೇಡಿ. ಮಗಳಿಗೆ ಹೆರಿಗೆ, ನೋಡಲು ಬಂದಿದ್ದೇನೆ, ಇಂಥ ದಿನ ವಾಪಸ್ ಹೋಗುತ್ತೇನೆ. ಇದರಲ್ಲಿ ಮುಚ್ಚಿಡುವುದೇನಿದೆ? ಆ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ, ಅಷ್ಟೇ. ತಂಗಿಯ ವಿಳಾಸ, ಫೋನ್ ನಂಬರ್, ವಾಪಸ್ ಟಿಕೆಟ್ ಒಂದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದು ಕೊಡಿ. 'ಕನ್ನಡ, ಇಂಟರ್‌ಪ್ರಿಟರ್' ಎಂಬ ಎರಡು ಪದ ಬಾಯಿಪಾಠ ಮಾಡಿಸಿ. ಫೋನಿನಲ್ಲಿ ದುಭಾಷಿಯನ್ನು ಹಿಡಿಯುವ ಏರ್ಪಾಡು ಅವರಲ್ಲಿದೆ. ಇನ್ನೊಂದು, ವೀಸಾ ಹತ್ತು ವರ್ಷದ್ದಿದ್ದರೂ ಎಷ್ಟು ದಿನ ಇರಬಹುದು ಅನ್ನುವುದನ್ನು ಆ ಅಧಿಕಾರಿಯೇ ತೀರ್ಮಾನಿಸುವುದು. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ತಂಗಿ ಆ ದಿನಾಂಕವನ್ನು ಆನ್‌ಲೈನಿನಲ್ಲಿ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಮಾಡಲಿ.

ಬುತ್ತಿಗೆ ಮದ್ದೂರು ವಡೆ ಹಾಕಿ, ಚಟ್ನಿಪುಡಿ ಹಾಕಿ. ಹಸಿ ಕರಿಬೇವು ಮಾತ್ರ ಬೇಡ. ತಿನ್ನುವ ಪದಾರ್ಥ ಇದೆಯಾ ಅಂತ ಕೇಳಿದರೆ 'ಇದೆ' ಅನ್ನಲಿ.

ಪ್ರಶ್ನೆ: ಪಾಸ್‌ಪೋರ್ಟ್‌ನಲ್ಲಿ ಫೋಟೊ ಕೆಳಗೆ ಎರಡು ಸಾಲು ಬಾಣದ ಗುರುತು ಇರುತ್ತವಲ್ಲ, ಅವು ಏನು? — ಎಂಜಿನಿಯರಿಂಗ್ ವಿದ್ಯಾರ್ಥಿ, ಶ್ರೀರಂಗಪಟ್ಟಣ

ಉತ್ತರ: ತಮ್ಮಾ, ಈ ಪ್ರಶ್ನೆ ಕೇಳಿದ್ದಕ್ಕೆ ನಿನಗೊಂದು ಕಾಫಿ. ಯಂತ್ರ ಓದುವುದು ಆ ಎರಡು ಸಾಲನ್ನೇ. ಒಂದೊಂದು ಸಾಲಿನಲ್ಲೂ ಸರಿಯಾಗಿ 44 ಅಕ್ಷರ. ವಿಶ್ವಸಂಸ್ಥೆಗೆ ಸೇರಿದ ಐಸಿಎಒ ಎಂಬ ವಿಮಾನಯಾನ ಸಂಸ್ಥೆ 1980ರಲ್ಲಿ ಈ ಪದ್ಧತಿ ಬರೆದಿಟ್ಟಿತು. ಅದರ ಪುಸ್ತಕದ ನಂಬರ್ 9303. ಕೈಬರಹದ ಪಾಸ್‌ಪೋರ್ಟ್‌ಗಳಿಗೆ 2015ರ ನವೆಂಬರ್ 24 ಕೊನೇ ದಿನವಾಯಿತು.

ಮೊದಲ ಸಾಲಿನಲ್ಲಿ ಹೆಸರಿಗೆ ಸಿಗುವುದು 39 ಅಕ್ಷರದ ಜಾಗ. ತಾತ, ಅಪ್ಪ, ಊರು ಎಲ್ಲ ಸೇರಿದ ನಮ್ಮ ಹೆಸರುಗಳು ಅಲ್ಲಿ ಕತ್ತರಿಸಿಹೋಗುತ್ತವೆ. ಖಾಲಿ ಜಾಗಕ್ಕೆಲ್ಲ ಬಾಣ. ಎರಡನೇ ಸಾಲು ಮಜವಾಗಿದೆ. ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಮುಗಿಯುವ ದಿನ, ಈ ಒಂದೊಂದರ ಬಾಲಕ್ಕೂ ಒಂದು ಕಾವಲು ಅಂಕಿ ಇರುತ್ತದೆ. ಒಬ್ಬರು 1947ರ ಆಗಸ್ಟ್ 15ಕ್ಕೆ ಹುಟ್ಟಿದರು ಅನ್ನು. 470815 ಅಂತ ಬರೆಯುತ್ತಾರೆ. ಈಗ 7, 3, 1, 7, 3, 1 ರಿಂದ ಕ್ರಮವಾಗಿ ಗುಣಿಸಿ ಕೂಡು. 28, 21, 0, 56, 3, 5. ಒಟ್ಟು 113. ಕೊನೇ ಅಂಕಿ 3. ಆ 3 ಅನ್ನು ಪಕ್ಕದಲ್ಲಿ ಅಚ್ಚು ಹಾಕುತ್ತಾರೆ. ಯಾರಾದರೂ ಕೊನೇ ಎರಡು ಅಂಕಿ ಅದಲುಬದಲು ಮಾಡಿ 470851 ಅಂತ ಬಡಿದರೆ ಮೊತ್ತ 121, ಕೊನೇ ಅಂಕಿ 1. ಯಂತ್ರ ತಕ್ಷಣ ಮುಖ ಸಿಂಡರಿಸುತ್ತದೆ. ಯಂತ್ರ ಕೆಟ್ಟ ದಿನ ನಾವು ಕೈಯಲ್ಲೇ ಆ ಸಾಲನ್ನು ಟೈಪ್ ಮಾಡುತ್ತಿದ್ದೆವು. ನನ್ನ ಬೆರಳ ತಪ್ಪನ್ನು ಈ ಕಾವಲು ಅಂಕಿ ಎಷ್ಟು ಸಲ ಹಿಡಿದಿದೆಯೋ ಲೆಕ್ಕವಿಲ್ಲ. ಈಗ ಬರುತ್ತಿರುವ ಇ-ಪಾಸ್‌ಪೋರ್ಟ್‌ನಲ್ಲಿ ಎಲೆಕ್ಟ್ರಾನಿಕ್ ಚಿಪ್ ಕೂಡ ಇದೆ. ರಟ್ಟಿನ ಮೇಲೆ ಬಂಗಾರದ ಬಣ್ಣದ ಪುಟ್ಟ ಗುರುತು ಕಂಡರೆ ಅದೇ. ಆದರೂ ಆ ಎರಡು ಸಾಲು ಹೋಗಿಲ್ಲ.

ಪ್ರಶ್ನೆ: ಇಮಿಗ್ರೇಷನ್‌ನವರು ಇದ್ದ ಮೇಲೆ ವಿಮಾನ ಕಂಪನಿಯವರು ಯಾಕೆ ಕಾಗದ ನೋಡಬೇಕು? ಸಿಂಗಪುರಕ್ಕೆ ಹೊರಟ ನಮ್ಮ ಅಣ್ಣನ ಮಗನನ್ನು ಪಾಸ್‌ಪೋರ್ಟ್ ಅವಧಿ ನಾಲ್ಕೇ ತಿಂಗಳಿದೆ ಅಂತ ಕೌಂಟರಿನಿಂದಲೇ ಕಳಿಸಿದರು. ಇವರಿಗೇನು ಅಧಿಕಾರ? — ಕೆ.ಆರ್. ಪೇಟೆ

ಉತ್ತರ: ನಿಮ್ಮ ಸಿಟ್ಟು ನನಗೆ ಹೊಸದಲ್ಲ, ಎದುರಿಗೇ ನಿಂತು ಬೈಸಿಕೊಂಡವಳು ನಾನು. ಸಿಂಗಪುರ ಕನಿಷ್ಠ ಆರು ತಿಂಗಳ ಅವಧಿ ಕೇಳುತ್ತದೆ. ಕಾಗದ ಸರಿಯಿಲ್ಲದವರನ್ನು ಕರೆದುಕೊಂಡು ಹೋದರೆ ದಂಡ ಕಟ್ಟುವುದು, ವಾಪಸ್ ಕರೆತರುವುದು ಎರಡೂ ವಿಮಾನ ಕಂಪನಿಯ ತಲೆಗೆ. ನಮ್ಮ ದೇಶದಲ್ಲೂ 2000ದಲ್ಲಿ ಕಾನೂನು ಬಂದು, ಒಬ್ಬೊಬ್ಬರಿಗೆ 1 ಲಕ್ಷ ರೂಪಾಯಿ ದಂಡ ಅಂತಾಯಿತು. 2025ರ ಹೊಸ ಕಾನೂನಿನಲ್ಲಿ ಅದು ಇನ್ನೂ ಏರಿದೆ. ಅದಕ್ಕೇ ಕೌಂಟರಿನಲ್ಲಿ 'ಟಿಮ್ಯಾಟಿಕ್' ಅಂತ ಒಂದು ಪಟ್ಟಿ ತೆರೆದಿರುತ್ತದೆ. ಯಾವ ದೇಶದವರು ಯಾವ ದೇಶಕ್ಕೆ ಹೋಗಲು ಏನೇನು ಬೇಕು, ಎಲ್ಲ ಅದರಲ್ಲಿ. ಅದು 'ಬೇಡ' ಅಂದರೆ ನಾವು ಬೋರ್ಡಿಂಗ್ ಪಾಸ್ ಕೊಡುವಂತಿಲ್ಲ. ಅಷ್ಟೇ ಅಲ್ಲ, ನೀವು ಹತ್ತುವ ಮೊದಲೇ ನಿಮ್ಮ ಪಾಸ್‌ಪೋರ್ಟ್ ವಿವರ ಆ ದೇಶದ ಕಂಪ್ಯೂಟರಿಗೆ ಹೋಗಿರುತ್ತದೆ. ನೀವು ಇನ್ನೂ ಇಡ್ಲಿ ತಿನ್ನುತ್ತಿರುವಾಗ ಅಲ್ಲಿ ನಿಮ್ಮ ಹೆಸರು ತಿರುವಿ ಹಾಕಿ ನೋಡಿ ಆಗಿರುತ್ತದೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. 2011ರಲ್ಲಿ ಬಾಲಿಗೆ ಹೊರಟ ಹೊಸ ಜೋಡಿ. ಮದುಮಗಳ ಕೈಯಲ್ಲಿ ಮೆಹಂದಿ ಇನ್ನೂ ಕೆಂಪಗಿತ್ತು. ಇಂಡೊನೇಷ್ಯಾಕ್ಕೂ ಆರು ತಿಂಗಳ ಲೆಕ್ಕ. ಹುಡುಗನ ಪಾಸ್‌ಪೋರ್ಟ್‌ನಲ್ಲಿ ಆರು ತಿಂಗಳಿಗೆ ಹತ್ತು ದಿನ ಕಡಿಮೆ ಇತ್ತು. ಗದ್ದಲದಲ್ಲಿ ನಾನು ತಿಂಗಳು ಮಾತ್ರ ಎಣಿಸಿದೆ, ತಾರೀಕು ನೋಡಲಿಲ್ಲ. ಮೂರನೇ ದಿನ ಇಬ್ಬರೂ ವಾಪಸ್. ಅವನನ್ನು ಅಲ್ಲಿಯೇ ತಡೆದಿದ್ದರು, ಅವಳು ಒಬ್ಬಳೇ ಒಳಗೆ ಹೋಗಲು ಒಪ್ಪಲಿಲ್ಲವಂತೆ. ನನಗೆ ಮೆಮೊ ಬಂತು. ಮೆಮೊ ಮರೆತುಹೋಯಿತು, ಆ ಹುಡುಗಿಯ ಮುಖ ಹೋಗಲಿಲ್ಲ. ನಿಮ್ಮ ಅಣ್ಣನ ಮಗನನ್ನು ಬೆಂಗಳೂರಿನಲ್ಲೇ ತಡೆದ ಹುಡುಗಿಯನ್ನು ನಾನಂತೂ ಬೈಯಲಾರೆ.

ಪ್ರಶ್ನೆ: ನನ್ನ ಮೊಬೈಲಿನಲ್ಲಿ ಡಿಜಿ ಯಾತ್ರಾ ಇದೆ, ಮುಖ ನೋಡಿ ವಿಮಾನ ನಿಲ್ದಾಣದೊಳಗೆ ಬಿಡುವ ಆ್ಯಪ್. ಮಲೇಷ್ಯಾಕ್ಕೂ ಮುಖ ತೋರಿಸಿ ಹೋಗಬಹುದಾ? — ಸರಸ್ವತಿಪುರಂ, ಮೈಸೂರು

ಉತ್ತರ: ಇಲ್ಲ. ಅದು ದೇಶದೊಳಗಿನ ಪ್ರಯಾಣಕ್ಕೆ ಮಾತ್ರ. ನಿಮಗೆ ಬೇಕಾಗಿರುವುದು ಕೇಂದ್ರ ಗೃಹ ಇಲಾಖೆಯ 'ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್'. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಆನ್‌ಲೈನಿನಲ್ಲಿ ಅರ್ಜಿ, ಒಂದು ಸಲ ಬೆರಳಚ್ಚು ಮತ್ತು ಫೋಟೊ. ಭಾರತೀಯರಿಗೆ ಶುಲ್ಕ ಇಲ್ಲ. ಆಮೇಲೆ ಸಾಲು ಬಿಟ್ಟು ಇ-ಗೇಟಿನಲ್ಲಿ ಹೋಗಬಹುದು. ಆದರೆ ಅದು ನಮ್ಮ ಕಡೆಯ ಬಾಗಿಲು ಮಾತ್ರ. ಕೌಲಾಲಂಪುರದ ಬಾಗಿಲಿಗೆ ಅವರದೇ ನಿಯಮ.

ಪ್ರಶ್ನೆ: ಕಬ್ಬು ಕಡಿದು ಕಡಿದು ನನ್ನ ಬೆರಳು ಸವೆದಿವೆ. ರೇಷನ್ ಅಂಗಡಿಯಲ್ಲೇ ಥಂಬ್ ಹತ್ತುವುದಿಲ್ಲ. ಮಗ ಜರ್ಮನಿಗೆ ಕರೆಯುತ್ತಿದ್ದಾನೆ. ಅಲ್ಲಿ ಈಗ ಸೀಲು ಬದಲು ಬೆರಳೇ ಒತ್ತಿಸುತ್ತಾರಂತೆ. ಹೋಗಿ ಮರ್ಯಾದೆ ಕಳೆದುಕೊಳ್ಳುವುದು ಯಾಕೆ? — ರೈತ, ಪಾಂಡವಪುರ

ಉತ್ತರ: ಸ್ವಾಮೀ, ನಮ್ಮತ್ತೆಯ ಕಥೆ ಕೇಳಿ. ನಲವತ್ತು ವರ್ಷ ಹುಣಸೆಹಣ್ಣು ಕಿವುಚಿ, ಬೂದಿಯಲ್ಲಿ ಪಾತ್ರೆ ತಿಕ್ಕಿದ ಕೈ. ಅಮೆರಿಕದಲ್ಲಿ ಗಾಜಿನ ಮೇಲೆ ಬೆರಳಿಟ್ಟರು, ಕೆಂಪು ದೀಪ. ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟರು, ಮತ್ತೆ ಕೆಂಪು. ಆ ಅಧಿಕಾರಿ ಮಾತು ಬಿಟ್ಟು ತನ್ನ ಹಣೆ ಮುಟ್ಟಿ ತೋರಿಸಿದನಂತೆ. ಕುಂಕುಮ ಯಾಕೆ ಅಂತ ಕೇಳುತ್ತಿದ್ದಾನೆ ಅಂದುಕೊಂಡು ಅತ್ತೆ ತಾಳಿಯನ್ನೂ ತೆಗೆದು ತೋರಿಸಿದರು. ಅವನು ನಕ್ಕು, ಮತ್ತೆ ಹಣೆಗೆ ಬೆರಳು ಉಜ್ಜಿ ಗಾಜಿಗೆ ಒತ್ತಿ ತೋರಿಸಿದ. ಆಗ ಅರ್ಥವಾಯಿತು. ಹಣೆಯ ಜಿಡ್ಡು ಬೆರಳಿಗೆ ಹತ್ತಿದರೆ ಗೆರೆ ಚೆನ್ನಾಗಿ ಕಾಣುತ್ತದೆ. ಅತ್ತೆ ಉಜ್ಜಿದರು, ಹಸಿರು ದೀಪ ಬಂತು. ಗಾಜೆಲ್ಲ ಕುಂಕುಮ. ಅವನೇ ಒರೆಸಿಕೊಂಡ.

ಈಗ ನಿಮ್ಮ ವಿಷಯ. ನೀವು ಕೇಳಿದ್ದು ನಿಜ. 2025ರ ಅಕ್ಟೋಬರ್ 12ರಿಂದ ಯುರೋಪಿನ 29 ದೇಶಗಳು ಸೀಲು ಬಿಟ್ಟು, ಬಂದವರ ಹೋದವರ ಲೆಕ್ಕವನ್ನು ಕಂಪ್ಯೂಟರಿಗೆ ಕೊಡಲು ಶುರು ಮಾಡಿದವು. ಆದರೆ ನಮ್ಮಂಥ ವೀಸಾದವರ ಹತ್ತೂ ಬೆರಳಚ್ಚು ವೀಸಾ ಅರ್ಜಿಯ ಹೊತ್ತಿಗೇ ಬೆಂಗಳೂರಿನಲ್ಲಿ ತೆಗೆದುಕೊಂಡಿರುತ್ತಾರೆ. ಅದು 59 ತಿಂಗಳು ನಡೆಯುತ್ತದೆ. ಅಲ್ಲಿ ಇಳಿದಾಗ ಮುಖದ ಫೋಟೊ ತೆಗೆದು, ಬೆರಳನ್ನು ಹಳೆಯದಕ್ಕೆ ಹೋಲಿಸಿ ನೋಡುತ್ತಾರೆ. ಬೆರಳಚ್ಚು ತೆಗೆಯಲು ಸಾಧ್ಯವೇ ಇಲ್ಲದವರಿಗೆ ನಿಯಮದಲ್ಲೇ ವಿನಾಯಿತಿ ಇದೆ, ಅದೊಂದೇ ಕಾರಣಕ್ಕೆ ವೀಸಾ ನಿರಾಕರಿಸುವಂತಿಲ್ಲ.

ಅರ್ಜಿಗೆ ಹೋಗುವ ಎರಡು ವಾರ ಮುಂಚೆ ಮಚ್ಚು, ಕುಡುಗೋಲು, ಸಿಮೆಂಟು ಮುಟ್ಟಬೇಡಿ. ರಾತ್ರಿ ಮಲಗುವಾಗ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಒತ್ತುವಾಗ ಜೋರಾಗಿ ಒತ್ತಬೇಡಿ, ಗೆರೆ ಚಪ್ಪಟೆಯಾಗುತ್ತದೆ. 180 ದಿನದಲ್ಲಿ 90 ದಿನ ಮಾತ್ರ ಇರಬಹುದು, ಈಗ ಕಂಪ್ಯೂಟರು ತಾನೇ ಎಣಿಸುತ್ತದೆ. ಮೊಮ್ಮಕ್ಕಳ ಮುಖ ನೋಡಿ ದಿನ ಮರೆಯಬೇಡಿ. ಮರ್ಯಾದೆಯ ಮಾತು ಎತ್ತಿದಿರಿ. 1962ರಿಂದ ಇಡೀ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಮಾಡುತ್ತಿರುವುದು ನಮ್ಮ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ. ಬೆರಳು ತೋರಿಸಿ ಗುರುತು ಹೇಳುವುದರಲ್ಲಿ ನಮಗೇನು ನಾಚಿಕೆ, ಹೋಗಿ ಬನ್ನಿ.

ಪ್ರಶ್ನೆ: ನನ್ನ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಊರು ಇಂಗ್ಲಿಷಿನಲ್ಲಿ ಹಳೇ 'ಮೈಸೂರ್' ಸ್ಪೆಲಿಂಗ್‌ನಲ್ಲಿದೆ. ಹೆಂಡತಿಯದರಲ್ಲಿ 'ಮೈಸೂರು' ಎಂದಿದೆ. ಒಟ್ಟಿಗೆ ಹೋದರೆ ತಡೆಯುತ್ತಾರಾ? — ವಿಜಯನಗರ, ಮೈಸೂರು

ಉತ್ತರ: ತಡೆಯುವುದಿಲ್ಲ. ಸ್ಪೆಲಿಂಗ್ ಬದಲಾದದ್ದು 2014ರ ನವೆಂಬರ್ 1ಕ್ಕೆ, ಅದಕ್ಕೆ ಮೊದಲು ಮಾಡಿಸಿದವರಿಗೆಲ್ಲ ಹಳೆಯದೇ. ಶ್ರೀರಂಗಪಟ್ಟಣದ ಹುಡುಗನಿಗೆ ಹೇಳಿದ ಆ ಎರಡು ಸಾಲಿನಲ್ಲಿ ಹುಟ್ಟಿದ ಊರು ಬರುವುದೇ ಇಲ್ಲ. ವೀಸಾ ಅರ್ಜಿಯಲ್ಲಿ ಮಾತ್ರ ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಹೆಂಡತಿಯದು ನೋಡಿ ತಿದ್ದಬೇಡಿ. ನನ್ನದರಲ್ಲೂ ಹಳೇ ಸ್ಪೆಲಿಂಗೇ ಇದೆ.