ಕೊಡಚಾದ್ರಿ ಕಡೆ ಮೂರು ದಿನ ಚಾರಣ: ಗೈಡ್ ಬೇಕಾ, ನಾವೇ ಹೋಗಬಹುದಾ?

ನಾಲ್ವರು ಗೆಳೆಯರು, ಬೆನ್ನಿಗೆ ಟೆಂಟು, ಫೋನಿನಲ್ಲಿ ಮ್ಯಾಪು, ಕೊಡಚಾದ್ರಿಯಿಂದ ಶುರುಮಾಡಿ ಮೂರು ದಿನ ಕಾಡಲ್ಲೇ ಇರಬೇಕು ಅಂದಿದ್ದೀರಿ. ನಾನು ಹೊಸನಗರದ ಕಡೆಯವನು, ಈ ಗುಡ್ಡ ಹತ್ತಿದ್ದಕ್ಕೆ ಲೆಕ್ಕ ಇಟ್ಟಿಲ್ಲ. ಆದರೂ ಹೇಳುತ್ತೇನೆ: ಗೈಡ್ ಕರ್ಕೊಳ್ಳಿ.

ಮೊದಲು ಟೆಂಟಿನ ಆಸೆ ಬಿಡಿ. ಕೊಡಚಾದ್ರಿಯ ಕಾಡು ಮೂಕಾಂಬಿಕಾ ಅಭಯಾರಣ್ಯಕ್ಕೆ ಸೇರಿದ್ದು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅಲ್ಲಿ ಎಲ್ಲೆಂದರಲ್ಲಿ ನುಗ್ಗುವಂತಿಲ್ಲ. ಕುದುರೆಮುಖದಲ್ಲೂ ಅಷ್ಟೇ. ಅರಣ್ಯ ಇಲಾಖೆಯ ಬುಕಿಂಗ್ ಜಾಲತಾಣ 'ಅರಣ್ಯ ವಿಹಾರ'ದಲ್ಲಿ ಬುಕ್ ಮಾಡಿ, ಆ ಗುಡ್ಡದ ಬುಡದ ಮುಳ್ಳೋಡಿಯಿಂದ ಹತ್ತಿದರೆ ಸಂಜೆಯೊಳಗೆ ಇಳಿದಿರಬೇಕು. ನಿಮ್ಮ ಮೂರು ದಿನ ಅಂದರೆ ಹಗಲು ಗುಡ್ಡ, ರಾತ್ರಿ ಹೋಂಸ್ಟೇ.

ಇನ್ನು ದಾರಿ. ಕಟ್ಟಿನಹೊಳೆಯಿಂದ ಜೀಪ್ ರಸ್ತೆ ಹಿಡಿದು ನಡೆದರೆ ಮಗುವೂ ಕೊಡಚಾದ್ರಿ ಮೇಲಿನ ದೇವಸ್ಥಾನ ಮುಟ್ಟುತ್ತದೆ, ಜೀಪಿನ ಧೂಳು ಕುಡಿಯಬೇಕು ಅಷ್ಟೇ. ಹಿಡ್ಲುಮನೆ ಜಲಪಾತದ ಕಡೆಯದು ಬೇರೆ ಕಥೆ. ಹುಲ್ಲುಗುಡ್ಡಕ್ಕೆ ಬಂದಮೇಲೆ ಒಂದು ದಾರಿ ನಾಲ್ಕಾಗುತ್ತದೆ. ಅದರಲ್ಲಿ ಮೂರು ಬರೀ ದನದ ಜಾಡು, ಕಾಟಿಯದೂ (ಕಾಡುಕೋಣದ್ದು) ಇರಬಹುದು. ಒಂದು ನವೆಂಬರಿನಲ್ಲಿ ನಾವು ಮೂವರು ಅಲ್ಲಿ ಮಂಜಿಗೆ ಸಿಕ್ಕಿಬಿದ್ದೆವು. ಚಾಚಿದ ಕೈ ಕಾಣುತ್ತಿರಲಿಲ್ಲ. ಫೋನಿನ ಚುಕ್ಕೆ ಗೆರೆಯ ಮೇಲೇ ಇತ್ತು, ಕಾಲ ಕೆಳಗೆ ಮಾತ್ರ ದಾರಿ ಇರಲಿಲ್ಲ. ಹಳ್ಳ ಹಿಡಿದರೆ ಊರು ಸಿಗುತ್ತೆ ಅಂತ ಒಬ್ಬ ಅಂದ, ಇಳಿದೆವು. ಸ್ವಲ್ಪ ದೂರದಲ್ಲಿ ನೀರು ಇದ್ದಕ್ಕಿದ್ದಂತೆ ಮಾಯ! ಸದ್ದು ಮಾತ್ರ ಎಲ್ಲೋ ಕೆಳಗಿನಿಂದ ಬರುತ್ತಿತ್ತು. ಘಟ್ಟದ ಅಂಚಿನ ಹಳ್ಳಗಳ ಬುದ್ಧಿಯೇ ಇದು. ಆಗುಂಬೆಯ ಬರ್ಕಣದಲ್ಲಿ ಸೀತಾನದಿ ಸುಮಾರು 260 ಮೀಟರ್ ಹಾಗೇ ಧುಮುಕುತ್ತದೆ. ಹಿಂದೆ ಹತ್ತಿ ಎರಡು ತಾಸು ಕೂತೆವು. ಮಂಜು ಸರಿದಾಗ ನೋಡಿದರೆ ಜೀಪ್ ರಸ್ತೆ ಕೂಗಳತೆಯಲ್ಲಿತ್ತು.

ಗೈಡ್ ಅಂದರೆ ಯಾರಾದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ವಾರಾಂತ್ಯಕ್ಕೆ ಬಸ್ಸಿನಲ್ಲಿ ಮೂವತ್ತು ಜನರನ್ನು ತುಂಬಿಕೊಂಡು ಬರುವ ಟ್ರೆಕ್ ಲೀಡರ್‌ಗಳ ಬಗ್ಗೆ ನನಗೆ ಅಷ್ಟಕ್ಕಷ್ಟೇ. ಒಮ್ಮೆ ಅಂಥವರ ಜೊತೆ ಹೋಗಿದ್ದೆ, ಲೀಡರ್ ಚಹಾ ಅಂಗಡಿಯಲ್ಲಿ ದಾರಿ ಕೇಳುತ್ತಿದ್ದ. ನಿಟ್ಟೂರಿನಲ್ಲೋ ಕಟ್ಟಿನಹೊಳೆಯಲ್ಲೋ ಉಳಿದುಕೊಳ್ಳುವ ಮನೆಯವರನ್ನೇ ಕೇಳಿ, ದನ ಕಾದು ಬೆಳೆದವರು ಯಾರಾದರೂ ಬರುತ್ತಾರೆ. ಕೂಲಿ, ಊಟ, ಎಷ್ಟು ಹೊತ್ತಿಗೆ ವಾಪಸ್ಸು, ಎಲ್ಲ ಹಿಂದಿನ ರಾತ್ರಿಯೇ ಮಾತಾಡಿ. ಅವರು 'ಇವತ್ತು ಬೇಡ' ಅಂದರೆ ಚೌಕಾಸಿ ಮಾಡಬೇಡಿ.

ಉಂಬಳದ (ರಕ್ತ ಹೀರುವ ಜಿಗಣೆ) ವಿಷಯಕ್ಕೆ ಮಾತ್ರ ಗೈಡ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಳೆಗಾಲದಲ್ಲಿ ಬರುವುದಾದರೆ ಸುಣ್ಣ ಮತ್ತು ಹೊಗೆಸೊಪ್ಪು ಜೇಬಲ್ಲಿರಲಿ, ಕಾಲುಚೀಲದ ಒಳಗೂ ಆಗಾಗ ಇಣುಕಿ ನೋಡಿ.