ಪಾದ ಉರಿಸುವ ಮಾತ್ರೆಯೊಂದನ್ನು ಬಿಟ್ಟರೆ ಏನಾಗುತ್ತದೆ?

ಪ್ರಶ್ನೆ: ಡಾಕ್ಟರಮ್ಮ, ನಮ್ಮ ಮನೆಯವರು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡ್ತಾರೆ. ಎರಡು ವರ್ಷದ ಹಿಂದೆ ಟಿಬಿ ಬಂದಿತ್ತು. ಮೂರನೇ ತಿಂಗಳಿಗೆ ಕೆಮ್ಮು ನಿಂತು ಊಟ ಸೇರತೊಡಗಿದ ಮೇಲೆ ಮಾತ್ರೆ ಬಿಟ್ಟರು. ಈಗ ಮತ್ತೆ ಬಂದಿದೆ. ಹಳೇ ಔಷಧಿಗೆ ಬಗ್ಗದ ಟಿಬಿ ಅಂತ ಕಫ ಪರೀಕ್ಷೆಯಲ್ಲಿ ಗೊತ್ತಾಯ್ತು. ಬೆಡಾಕ್ವಿಲಿನ್, ಪ್ರಿಟೋಮ್ಯಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್, ಹೀಗೆ ನಾಲ್ಕು ಔಷಧಿ ಆರು ತಿಂಗಳಿಗೆ ಕೊಟ್ಟಿದ್ದಾರೆ. ಎರಡೂವರೆ ತಿಂಗಳಾಯ್ತು. ಪಾದ ಜುಮುಗುಡುತ್ತೆ, ಉರಿಯುತ್ತೆ ಅಂತಾರೆ. ಇದು ಲಿನೆಜೋಲಿಡ್‌ನಿಂದ ಅಂತ ಯಾರೋ ಹೇಳಿದ್ದಕ್ಕೆ ಹತ್ತು ದಿನದಿಂದ ಅದೊಂದನ್ನು ನುಂಗದೆ ದಿಂಬಿನಡಿ ಇಟ್ಟಿದ್ದಾರೆ. ನಿನ್ನೆ ಹಾಸಿಗೆ ಕೊಡವುವಾಗ ನೋಡಿದೆ. ‘ಹೋದ ಸಲ ಉಚ್ಚೆ ಕೆಂಪಗಾಗ್ತಿತ್ತು, ಈ ಸಲ ಇಲ್ಲ, ಇವು ನಾಟೋದೇ ಇಲ್ಲ’ ಅಂತಲೂ ಅಂತಾರೆ. ಬೆಡಾಕ್ವಿಲಿನ್ ವಾರಕ್ಕೆ ಮೂರೇ ದಿನ ಇದೆ. ಹಾಗೇ ಉಳಿದವನ್ನೂ ದಿನ ಬಿಟ್ಟು ದಿನ ಕೊಡಬಹುದಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ತಂಗೀ, ಕೊಡಬೇಡಿ. ಈ ಪತ್ರಿಕೆ ಕೈಗೆ ಬಂದ ದಿನವೇ ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಹೋಗುವ ಮುಂಚೆ ಇದನ್ನು ಅವರಿಗೆ ಓದಿ ಹೇಳಿ.

ನಿಮ್ಮವರು ಭಟ್ಟಿಯವರು, ಆದ್ದರಿಂದ ಈ ಮಾತು ಅವರಿಗೆ ಬೇಗ ತಿಳಿಯುತ್ತದೆ. ಮರಳು ಎಷ್ಟೇ ಕಾದಿರಲಿ, ಅರಳದ ಕಾಳು ಒಂದಷ್ಟು ಉಳಿದೇ ಉಳಿಯುತ್ತದೆ. ಟಿಬಿಯಿಂದ ಶ್ವಾಸಕೋಶದಲ್ಲಿ ಆದ ಒಂದು ಗುಳಿಯಲ್ಲಿ ಹತ್ತು ಕೋಟಿಯಷ್ಟು ರೋಗಾಣು ಇರಬಹುದು. ಐಸೋನಿಯಾಜಿಡ್ ಎಂಬ ಹಳೇ ಔಷಧಿಗೆ ಸಾಯದವು ಸುಮಾರು ಹತ್ತು ಲಕ್ಷಕ್ಕೊಂದು, ಅಂದರೆ ಆ ಗುಳಿಯಲ್ಲಿ ನೂರು, ಔಷಧಿ ಶುರುವಾಗುವ ಮುಂಚೆಯೇ ಇರುತ್ತವೆ. ಅದೊಂದನ್ನೇ ಕೊಟ್ಟರೆ ಉಳಿದವೆಲ್ಲ ಸತ್ತು ಕೆಮ್ಮು ನಿಲ್ಲುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಆ ನೂರು ಮಾತ್ರ ಖಾಲಿಯಾದ ಜಾಗದಲ್ಲಿ ಬೆಳೆಯುತ್ತವೆ. 1948ರಲ್ಲಿ ಬ್ರಿಟನ್ನಿನ ವೈದ್ಯರು ಪ್ರಕಟಿಸಿದ, ಸ್ಟ್ರೆಪ್ಟೊಮೈಸಿನ್ ಎಂಬ ಟಿಬಿ ಔಷಧಿಯ ಪ್ರಯೋಗದಲ್ಲಿ ಆದದ್ದೂ ಇದೇ. ಆರು ತಿಂಗಳಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4 ಜನ ತೀರಿಕೊಂಡರೆ, ಪಡೆಯದ 52 ಮಂದಿಯಲ್ಲಿ 14 ಜನ ತೀರಿಕೊಂಡರು. ಎಲ್ಲರೂ ಹಿಗ್ಗಿದರು. ಆದರೆ ಬದುಕಿದ್ದ ಹಲವರಲ್ಲಿ ರೋಗಾಣು ಆ ಔಷಧಿಗೆ ಬಗ್ಗದ ಹಾಗಾಗಿತ್ತು, ಕಾಯಿಲೆ ಮರಳಿತು. ಟಿಬಿಗೆ ಯಾವತ್ತೂ ಒಂದೇ ಔಷಧಿ ಕೊಡಬಾರದೆಂದು ನಮ್ಮ ವೃತ್ತಿ ಕಲಿತದ್ದು ಅಲ್ಲಿಂದ.

ನಿಮ್ಮವರ ನಾಲ್ಕು ಔಷಧಿಗಳಲ್ಲಿ ಒಂದೊಂದರ ಕೆಲಸ ಬೇರೆ. ರೋಗಾಣು ತನಗೆ ಬೇಕಾದ ಶಕ್ತಿ ತಯಾರಿಸಿಕೊಳ್ಳುವುದನ್ನು ಬೆಡಾಕ್ವಿಲಿನ್ ನಿಲ್ಲಿಸುತ್ತದೆ. ಲಿನೆಜೋಲಿಡ್ ಅದು ಪ್ರೋಟೀನ್ ಮಾಡದಂತೆ ತಡೆಯುತ್ತದೆ, ಮಾಕ್ಸಿಫ್ಲಾಕ್ಸಾಸಿನ್ ಮರಿ ಹಾಕದಂತೆ, ಪ್ರಿಟೋಮ್ಯಾನಿಡ್ ಹೊರಗೋಡೆ ಕಟ್ಟದಂತೆ. ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೆ ಸಾಯುತ್ತದೆ.

ಇನ್ನು ವಾರಕ್ಕೆ ಮೂರು ದಿನದ ಮಾತು. ಇದನ್ನು ಎರಡು ಸಲ ಓದಿ. ಬೆಡಾಕ್ವಿಲಿನ್ ಮೈಯಿಂದ ಬಲು ನಿಧಾನವಾಗಿ ಹೋಗುತ್ತದೆ, ಮಾತ್ರೆ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಉಳಿದಿರುತ್ತದೆ. ಅದಕ್ಕೇ ಮೊದಲ ಎರಡು ವಾರ ದಿನಾ ಕೊಟ್ಟು, ಆಮೇಲೆ ವಾರಕ್ಕೆ ಮೂರು ದಿನ ಮಾಡುತ್ತಾರೆ. ಉಳಿದ ಮೂರು ಅಷ್ಟು ದಿನ ನಿಲ್ಲುವುದಿಲ್ಲ, ದಿನಾ ನುಂಗಲೇಬೇಕು. ನಿಮ್ಮವರು ಒಂದನ್ನು ಬಿಟ್ಟರೆ ಬೆಡಾಕ್ವಿಲಿನ್‌ಗೆ ಜೊತೆ ಕಡಿಮೆಯಾಗುತ್ತದೆ, ಬೇಜಾರಾಗಿ ಎಲ್ಲವನ್ನೂ ಬಿಟ್ಟರೆ ಕೊನೆಗೆ ಅದೊಂದೇ ಒಂಟಿಯಾಗಿ ಮೈಯಲ್ಲಿ ಉಳಿಯುತ್ತದೆ. ರೋಗಾಣು ಅದಕ್ಕೂ ಬಗ್ಗದಂತಾದರೆ ಮುಂದೆ ಕೊಡಲು ನಮ್ಮ ಕೈಯಲ್ಲಿರುವ ದಾರಿ ಬಹಳ ಕಡಿಮೆ.

ಪಾದದ ಉರಿ ನಿಜ, ಕಾರಣವೂ ಬಹುಮಟ್ಟಿಗೆ ಲಿನೆಜೋಲಿಡ್ಡೇ. ‘ಸಹಿಸಿಕೊಳ್ಳಿ’ ಅಂತ ನಾನು ಹೇಳುವುದಿಲ್ಲ. ಅದು ನರವನ್ನು ಕೆಡಿಸುತ್ತದೆ, ತಡ ಮಾಡಿದರೆ ಹೋದದ್ದು ಮರಳದೆಯೂ ಇರಬಹುದು. ಕಣ್ಣಿನ ನರಕ್ಕೂ ತಾಗುತ್ತದೆ. ಟ್ರಾಫಿಕ್ ದೀಪದ ಕೆಂಪು, ಹಸಿರು ಮಾಸಿದಂತೆ ಕಾಣುತ್ತವೆಯಾ ಎಂದು ಕೇಳಿ. ರಕ್ತ ಇಳಿಯುವುದೂ ಇದರಿಂದಲೇ, ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡುವುದು. ಡಾಕ್ಟರು ನೋಡಿ ಪ್ರಮಾಣ ಇಳಿಸಬಹುದು, ಕೆಲವು ದಿನ ನಿಲ್ಲಿಸಬಹುದು, ಬೇಕಾದರೆ ಔಷಧಿಗಳನ್ನೇ ಬದಲಿಸಬಹುದು. ಅವರು ನಿಲ್ಲಿಸಿದರೆ ಉಳಿದ ಔಷಧಿಗಳ ಬಲ ನೋಡಿಕೊಂಡು ನಿಲ್ಲಿಸುತ್ತಾರೆ. ದಿಂಬಿನಡಿ ಇಟ್ಟರೆ ಆ ಲೆಕ್ಕ ಯಾರಿಗೂ ಸಿಗುವುದಿಲ್ಲ. ಎದೆ ಡವಗುಟ್ಟಿದರೆ, ತಲೆ ಸುತ್ತಿ ಬಿದ್ದರೆ, ಕಣ್ಣು ಹಳದಿಯಾದರೆ ಒಂದು ಗಳಿಗೆಯೂ ಕಾಯಬೇಡಿ. ಬೆಡಾಕ್ವಿಲಿನ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಹೃದಯದ ಬಡಿತವನ್ನು ಏರುಪೇರು ಮಾಡಬಲ್ಲವು, ಇಸಿಜಿ ತೆಗೆಯುವುದು ಅದಕ್ಕೇ.

ಉಚ್ಚೆ ಕೆಂಪಾಗುತ್ತಿದ್ದದ್ದು ಹೋದ ಸಲದ ಔಷಧಿಗಳಲ್ಲಿದ್ದ ರಿಫಾಂಪಿಸಿನ್ ಬಣ್ಣದಿಂದ, ಔಷಧಿ ನಾಟಿದ್ದಕ್ಕೆ ಅದು ಗುರುತಲ್ಲ. ಈ ನಾಲ್ಕರಲ್ಲಿ ರಿಫಾಂಪಿಸಿನ್ ಇಲ್ಲ. ನಾಟಿದೆಯೇ ಎಂದು ಹೇಳುವುದು ಕಫದ ಕಲ್ಚರ್, ಅಂದರೆ ಕಫದಲ್ಲಿನ ರೋಗಾಣು ಬೆಳೆಯುತ್ತದೆಯೇ ಎಂದು ಲ್ಯಾಬಿನಲ್ಲಿಟ್ಟು ನೋಡುವ ಪರೀಕ್ಷೆ.

ಮಾತ್ರೆಗಳನ್ನು ಊಟದ ಜೊತೆಗೇ ಕೊಡಿ. ಖಾಲಿ ಹೊಟ್ಟೆಯಲ್ಲಿ ಬೆಡಾಕ್ವಿಲಿನ್, ಪ್ರಿಟೋಮ್ಯಾನಿಡ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹೊಟ್ಟೆ ಉರಿಗೆ ಕುಡಿಯುವ ಔಷಧಿ, ಕಬ್ಬಿಣಾಂಶದ ಮಾತ್ರೆ ಇವನ್ನು ಮಾಕ್ಸಿಫ್ಲಾಕ್ಸಾಸಿನ್ ಜೊತೆ ಕೊಟ್ಟರೆ ಅದು ಕೆಲಸಕ್ಕೆ ಬಾರದು. ಎಷ್ಟು ಗಂಟೆ ಬಿಟ್ಟು ಕೊಡಬೇಕೆಂದು ಆಸ್ಪತ್ರೆಯಲ್ಲಿ ಕೇಳಿ. ಪೋಷಣೆಗೆಂದು ಸರ್ಕಾರ ತಿಂಗಳಿಗೆ 1000 ರೂಪಾಯಿ ಖಾತೆಗೆ ಹಾಕುತ್ತದೆ, ಬಂದಿದೆಯಾ ನೋಡಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ನಿಮ್ಮನ್ನೂ ತಪಾಸಣೆ ಮಾಡಿಸಿ.

ನಾನು ಕೆಲಸಕ್ಕಿದ್ದಾಗ ಇಂಥ ಟಿಬಿಗೆ ಎರಡು ವರ್ಷ ಔಷಧಿ, ಅದರಲ್ಲಿ ಆರು ತಿಂಗಳಿಗೂ ಮೀರಿ ಕನಾಮೈಸಿನ್ ಇಂಜೆಕ್ಷನ್. ಹರಿಹರದ ಕಡೆಯ ಒಬ್ಬ ದರ್ಜಿ ಒಂದು ದಿನವೂ ತಪ್ಪಿಸದೆ ಬಂದು ಚುಚ್ಚಿಸಿಕೊಂಡ. ನಾಲ್ಕನೇ ತಿಂಗಳಲ್ಲಿ ‘ಕಿವಿಯಲ್ಲಿ ಜೀರುಂಡೆ ಕೂಗಿದಂಗೆ ಆಗ್ತದೆ’ ಅಂದ. ಆಗುತ್ತೆ, ಇನ್ನೆರಡು ತಿಂಗಳು ತಡ್ಕೋ ಅಂದೆ. ಟಿಬಿ ವಾಸಿಯಾಯಿತು, ಎರಡೂ ಕಿವಿ ಹೋದವು. ಆಮೇಲೆ ಅಳತೆ ತೆಗೆದುಕೊಳ್ಳುವಾಗ ಗಿರಾಕಿಯ ಮಾತನ್ನು ಅವನ ಮಗಳು ಬರೆದು ತೋರಿಸಬೇಕಾಯಿತು. ಇಂಜೆಕ್ಷನ್ ಇಲ್ಲದ ನಿಮ್ಮ ಈ ಆರು ತಿಂಗಳ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು, ನಮ್ಮ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಆ ದರ್ಜಿಯೇ. ಅದಕ್ಕೇ ಹೇಳುತ್ತೇನೆ, ಡಾಕ್ಟರು ಗಡಿಬಿಡಿಯಲ್ಲಿದ್ದರೂ ಪಾದದ ಉರಿಯ ಮಾತನ್ನು ನಿಮ್ಮವರು ಪೂರಾ ಹೇಳಲಿ, ಕೇಳುವವರೆಗೆ ಕುರ್ಚಿ ಬಿಟ್ಟು ಏಳುವುದು ಬೇಡ.

ದಿಂಬಿನಡಿ ಸಿಕ್ಕ ಮಾತ್ರೆಗಳನ್ನು ಎಸೆಯಬೇಡಿ, ತಪ್ಪಿದ್ದನ್ನೆಲ್ಲ ಒಟ್ಟಿಗೆ ನುಂಗಿಸಲೂ ಬೇಡಿ. ಹಾಗೇ ಒಂದು ಕವರಿಗೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಡಿ. ಎಷ್ಟು ದಿನ ತಪ್ಪಿದೆಯೆಂದು ಅವರು ಎಣಿಸಬೇಕು.