ರಾಗ ಸರಿ, ಓಟ ಎಲ್ಲಿ?

ಪ್ರಶ್ನೆ: 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಎಂಬ ಹಾಲಿವುಡ್ ಕೌಬಾಯ್ ಚಿತ್ರದ ಶೀರ್ಷಿಕೆ ಸಂಗೀತವನ್ನು ನಮ್ಮ ವಾದ್ಯವೃಂದ ನುಡಿಸುತ್ತದೆ. ಸ್ವರ ತಪ್ಪಿಲ್ಲ, ಆದರೂ ಮದುವೆ ಬ್ಯಾಂಡಿನಂತೆ ಕೇಳಿಸುತ್ತದೆ. ಏಕೆ?
– ಓದುಗರು, ಮೈಸೂರು

ಉತ್ತರ: ಈ ಸಂಗೀತದ ಕುದುರೆ ಓಟ ಇರುವುದು ರಾಗದಲ್ಲಲ್ಲ, ಅದರ ಕೆಳಗಿನ ಲಯದಲ್ಲಿ. 1960ರ ಈ ಚಿತ್ರಕ್ಕೆ ಎಲ್ಮರ್ ಬರ್ನ್‌ಸ್ಟೀನ್ ಮೇಲೆ ಉದ್ದುದ್ದ ಸ್ವರಗಳ ಧಾಟಿ ಹರಿಸಿ, ಕೆಳಗೆ ಮೊಟಕಾದ ಪೆಟ್ಟುಗಳನ್ನು ಇಟ್ಟರು. ಅವುಗಳಲ್ಲಿ ಹಲವು ಎಣಿಕೆಯ ಮೇಲೆ ಬೀಳದೆ ಅರ್ಧ ಎಣಿಕೆ ಜಾರಿ ಬೀಳುತ್ತವೆ. ನಿಮ್ಮವರು ಅವನ್ನೆಲ್ಲ ನೇರ ಎಣಿಕೆಗೆ ಎಳೆದು ತಂದಿರಬೇಕು. ಟ್ರಂಪೆಟ್‌ನವರು ಸ್ವರವನ್ನು ಉದ್ದ ಮಾಡಿದರಂತೂ ಮುಗಿಯಿತು, ನಡುವಿನ ಮೌನವೇ ಹೋಗುತ್ತದೆ.

ಮೊದಲು ರಾಗ ಬಿಡಿ. ಮೆಟ್ರೊನೋಮನ್ನು (ಲಯ ತಟ್ಟುವ ಸಾಧನ) ನಿಮಿಷಕ್ಕೆ 80 ಎಣಿಕೆಗಿಟ್ಟು, ಕಾಲಲ್ಲಿ ನಾಲ್ಕು ಎಣಿಸುತ್ತ, ಲಯವನ್ನು ಚಪ್ಪಾಳೆಯಲ್ಲೇ ತಟ್ಟಿ. ಕಾಲಿನ ಎಣಿಕೆ ತಪ್ಪದಂತಾದ ಮೇಲೆ ವಾದ್ಯ ಹಿಡಿಯಿರಿ, ವೇಗ ನಾಲ್ಕು ನಾಲ್ಕಾಗಿ ಏರಿಸಿ. ಪೆಟ್ಟು ಚುರುಕಾಗಿರಲಿ, ಆದರೆ ಅದರ ಸದ್ದು ಧಾಟಿ ನುಡಿಸುವ ಪಿಟೀಲಿಗಿಂತ ಕಡಿಮೆ ಇರಲಿ.

ಪಿಟೀಲಿನವರು ಸಾಲದಿದ್ದರೆ ಬೇರೆ ಕೃತಿ ಆರಿಸಿ. 1952ರ ಕೌಬಾಯ್ ಚಿತ್ರ 'ಹೈ ನೂನ್'ಗೆ ಡಿಮಿಟ್ರಿ ಟಿಯೊಮ್ಕಿನ್ ಪಿಟೀಲುಗಳನ್ನೇ ಕೈಬಿಟ್ಟಿದ್ದರು. ಆ ಸಂಗೀತಕ್ಕೆ ಆಸ್ಕರ್ ಸಿಕ್ಕಿತು. ಬರ್ನ್‌ಸ್ಟೀನ್‌ರ ಈ ಸಂಗೀತಕ್ಕೆ ನಾಮನಿರ್ದೇಶನ ಮಾತ್ರ. ನಮಗಂತೂ ಅದು ಅನ್ಯಾಯವೇ.